ತಲೆಯಿಲ್ಲದ ಕೋಳಿ

ಇಂಗ್ಲಿಷಿನಲ್ಲಿ 'ರನ್ನಿಂಗ್ ಅರೌಂಡ್ ಲೈಕ್ ಎ ಹೆಡ್‌ಲೆಸ್ ಚಿಕನ್' ಎಂಬ ನುಡಿಗಟ್ಟೊಂದಿದೆ. ಮುಂದೇನು ಮಾಡಬೇಕೆಂಬ ಯೋಚನೆಯಿಲ್ಲದೆ, ಗಾಬರಿಯಿಂದ ಅತ್ತಿತ್ತ ಓಡಾಡಿ, ಯಾವ ಕೆಲಸವನ್ನೂ ಪೂರೈಸದವರನ್ನು ಕುರಿತು ಆಡುವ ಮಾತಿದು. ಅಮೆರಿಕನ್ನರು 'ತಲೆ ಕತ್ತರಿಸಿದ ಕೋಳಿಯಂತೆ' ಎನ್ನುವುದುಂಟು. ತರಗತಿಯಲ್ಲಿ ಇದನ್ನು ವಿವರಿಸುವಾಗ ನಾನು ನಮ್ಮ 'ಕಾಲು ಸುಟ್ಟ ಬೆಕ್ಕಿನಂತೆ' ಎಂಬ ಮಾತನ್ನು ಹೇಳಿ ಮುಂದೆ ಸಾಗುತ್ತಿದ್ದೆ. ಎರಡೂ ಒಂದೇ ಅಲ್ಲವೆಂದು ನನಗೆ ಹೊಳೆದದ್ದು ತಡವಾಗಿ. ಬೆಕ್ಕು ಓಡುವುದು ನೋವಿನಿಂದ. ಕೋಳಿಯ ಓಟಕ್ಕೆ ನೋವಿನ ಅರಿವೂ ಇಲ್ಲ, ಗುರಿಯೂ ಇಲ್ಲ.

ಕೋಳಿಯ ತಲೆಯನ್ನು ಕತ್ತರಿಸಿದ ಮೇಲೂ ಬೆನ್ನುಹುರಿಯ ನರಗಳಲ್ಲಿ ಸ್ವಲ್ಪ ಹೊತ್ತು ಚೈತನ್ಯ ಉಳಿದಿರುತ್ತದೆ. ಕಾಲು, ರೆಕ್ಕೆಗಳನ್ನು ಆಡಿಸಲು ಆ ನರಗಳೇ ಸಾಕು. ಆದ್ದರಿಂದ ದೇಹ ಎದ್ದು ಓಡುತ್ತದೆ, ಬೇಗನೆ ಕುಸಿದು ಬೀಳುತ್ತದೆ. ಹಳ್ಳಿಗರು ಕಣ್ಣಾರೆ ಕಂಡ ಈ ದೃಶ್ಯವೇ ನುಡಿಗಟ್ಟಾಯಿತು.

ಆದರೆ ಒಂದು ಹುಂಜ ಈ ನುಡಿಗಟ್ಟನ್ನೇ ಸುಳ್ಳಾಗಿಸಿತು. 1945ರ ಸೆಪ್ಟೆಂಬರ್ 10ರಂದು ಅಮೆರಿಕದ ಕೊಲರಾಡೊ ರಾಜ್ಯದ ಫ್ರೂಟಾ ಎಂಬ ಊರಿನಲ್ಲಿ ಲಾಯ್ಡ್ ಓಲ್ಸೆನ್ ಎಂಬ ರೈತ ತನ್ನ ಕೋಳಿಗಳನ್ನು ಕೊಯ್ಯುತ್ತಿದ್ದ. ಅವುಗಳಲ್ಲೊಂದು ಸಾಯಲಿಲ್ಲ. ಕೊಡಲಿಯ ಏಟು ತುಸು ಮೇಲೆ ಬಿದ್ದು, ಮೆದುಳಿನ ಬುಡದ ಭಾಗವೂ ಒಂದು ಕಿವಿಯೂ ಉಳಿದಿದ್ದವು. ಹೆಪ್ಪುಗಟ್ಟಿದ ರಕ್ತ ಗಾಯವನ್ನು ಮುಚ್ಚಿತ್ತು. ಉಸಿರಾಟ, ಹೃದಯದ ಬಡಿತಗಳನ್ನು ನಡೆಸುವುದು ಆ ಬುಡದ ಭಾಗವೇ. ಸಾಲ್ಟ್ ಲೇಕ್ ಸಿಟಿಯ ಯೂಟಾ ವಿಶ್ವವಿದ್ಯಾಲಯದಲ್ಲಿ ಅದರ ಪರೀಕ್ಷೆಯೂ ನಡೆಯಿತು.

'ಮೈಕ್' ಎಂದು ಹೆಸರಾದ ಆ ಹುಂಜ ದಿಕ್ಕೆಟ್ಟು ಓಡಲಿಲ್ಲ. ನಡೆಯಿತು, ಸಮತೋಲನ ಕಾಪಾಡಿಕೊಂಡು ಕುಳಿತಿತು, ಇಲ್ಲದ ಕೊಕ್ಕಿನಿಂದ ಕಾಳು ಹೆಕ್ಕಲು ಯತ್ನಿಸಿತು. ಓಲ್ಸೆನ್ ಡ್ರಾಪರಿನಿಂದ ಹಾಲು-ನೀರನ್ನು ನೇರವಾಗಿ ಅದರ ಅನ್ನನಾಳಕ್ಕೆ ಹನಿಸುತ್ತಿದ್ದ, ಗಂಟಲಿನ ಲೋಳೆಯನ್ನು ಸಿರಿಂಜಿನಿಂದ ತೆಗೆಯುತ್ತಿದ್ದ. ಹೀಗೆ ಅದು ಸುಮಾರು 18 ತಿಂಗಳು ಬದುಕಿತು! 'ಲೈಫ್' ಪತ್ರಿಕೆಯಲ್ಲಿ ಅದರ ಚಿತ್ರಗಳು ಬಂದವು. ಊರೂರು ಸುತ್ತಿಸಿ, 25 ಸೆಂಟ್ ಪಡೆದು ಅದನ್ನು ಜನರಿಗೆ ತೋರಿಸಲಾಯಿತು.

1947ರ ವಸಂತದಲ್ಲಿ ಅರಿಜೋನಾದ ಫೀನಿಕ್ಸ್ ನಗರದ ತಂಗುದಾಣದಲ್ಲಿ ರಾತ್ರಿ ಅದಕ್ಕೆ ಉಸಿರು ಕಟ್ಟಿತು. ಸಿರಿಂಜು ಪ್ರದರ್ಶನದ ಜಾಗದಲ್ಲೇ ಉಳಿದುಹೋಗಿತ್ತು. ಬೇರೆ ಉಪಾಯ ಹುಡುಕುವಷ್ಟರಲ್ಲಿ ಹುಂಜ ಸತ್ತಿತು. ಅದನ್ನು ಮಾರಿಬಿಟ್ಟೆನೆಂದು ಓಲ್ಸೆನ್ ಬಹುಕಾಲ ಹೇಳುತ್ತಿದ್ದನಂತೆ. ನಿಜ ಸಂಗತಿಯನ್ನು ಮನೆಯವರಿಗೆ ತಿಳಿಸಿದ್ದು ಎಷ್ಟೋ ವರ್ಷಗಳ ನಂತರ. 1999ರಿಂದ ಫ್ರೂಟಾದಲ್ಲಿ ಮೈಕ್‌ನ ಹೆಸರಿನಲ್ಲಿ ಉತ್ಸವ ನಡೆಯುತ್ತ ಬಂದಿದೆ.

ನನ್ನನ್ನು ಕಾಡುವುದು ಆ ಸುಳ್ಳು. ಮರೆವು ಮನುಷ್ಯಸಹಜ, ಅದನ್ನು ಒಪ್ಪಿಕೊಳ್ಳುವುದೇ ಕಷ್ಟ. ತಲೆಯಿಲ್ಲದ ಪ್ರಾಣಿ ಶಾಂತವಾಗಿ ಬದುಕಿತು. ಮರೆತದ್ದು, ಕೊನೆಯ ಗಳಿಗೆಯಲ್ಲಿ ತಡಬಡಾಯಿಸಿದ್ದು, ಮುಚ್ಚಿಟ್ಟದ್ದು ತಲೆಯಿದ್ದ ಮನುಷ್ಯ. ಪರೀಕ್ಷೆಯ ದಿನ ಗಾಬರಿಗೊಂಡ ಹುಡುಗರನ್ನು ನಾನೂ 'ತಲೆಯಿಲ್ಲದ ಕೋಳಿಗಳೇ' ಎಂದು ಗದರಿದ್ದುಂಟು. ಅವರ ಓಟ ಗುರಿಗೇಡಿತನದ್ದಲ್ಲ, ಭಯದ್ದು; ಅವರು ಕಾಲು ಸುಟ್ಟ ಬೆಕ್ಕುಗಳಾಗಿದ್ದರು. ಅವರಿಗೆ ಬೇಕಾಗಿದ್ದದ್ದು ಗದರಿಕೆಯಲ್ಲ, ಒಂದು ಸಮಾಧಾನದ ಮಾತು. ಅಂದು ಅದನ್ನು ಆಡದೆ ಹೋದದ್ದಕ್ಕೆ, ಮಕ್ಕಳೇ, ಇಂದು ಕ್ಷಮೆ ಕೋರುತ್ತೇನೆ.