ಗೋಡೆಗೆ ತೊಡಿಸಿದ ಮುರಕಲ್ಲು

ಬಂಟ್ವಾಳದಿಂದ ಬೆಳ್ತಂಗಡಿಗೆ, ಅಲ್ಲಿಂದ ವೇಣೂರಿನ ಮಾರ್ಗವಾಗಿ ಮೂಡುಬಿದಿರೆಗೆ ಸಾಗುವವರಿಗೆ ಇಂದು ಹೊಸದೊಂದು ನೋಟ ಎದುರಾಗುತ್ತದೆ. ಎಂದೋ ಗಾರೆ ಮಾಡಿ ಬಣ್ಣ ಬಳಿದಿದ್ದ ಮನೆಗಳ ಮುಂಗೋಡೆಗೆ ಈಗ ಮುರಕಲ್ಲಿನ ತೆಳುವಾದ ಬಿಲ್ಲೆಗಳನ್ನು ಅಂಟಿಸುತ್ತಾರೆ. ಅವುಗಳ ದಪ್ಪ ಒಂದು ಅಂಗುಲಕ್ಕೂ ಕಡಿಮೆ. ಆದರೆ ಇಡೀ ಗೋಡೆಯೇ ಕಲ್ಲಿನದೆಂಬ ಭಾವನೆ ನೋಡಿದವರಿಗೆ ಬರಬೇಕು. ವಿಚಿತ್ರವೆಂದರೆ, ಅಂಥ ಎಷ್ಟೋ ಮನೆಗಳಲ್ಲಿ ಗಾರೆಯ ಹಿಂದೆ ಅಡಗಿರುವುದೂ ಮುರಕಲ್ಲೇ!

ಈ ಕಲ್ಲಿನ ಹೆಸರಿನಲ್ಲಿಯೇ ಒಂದು ಚರಿತ್ರೆಯಿದೆ. ಗ್ರಂಥಸ್ಥ ಕನ್ನಡದಲ್ಲಿ ಇದು ಜಂಬಿಟ್ಟಿಗೆ. ಎಂದರೆ ಇಟ್ಟಿಗೆಯ ನೆಂಟ. 1800-01ರಲ್ಲಿ ದಕ್ಷಿಣದ ಸೀಮೆಗಳನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಮಲಬಾರಿನ ಅಂಗಡಿಪುರದಲ್ಲಿ ಇದನ್ನು ಕಂಡು, ಇಟ್ಟಿಗೆ ಎಂಬ ಅರ್ಥದ ಲ್ಯಾಟಿನ್ ಪದದಿಂದ ‘ಲ್ಯಾಟರೈಟ್’ ಎಂಬ ಹೆಸರನ್ನು ಕಟ್ಟಿದನು. ಇಲ್ಲಿನ ಜನರು ಇದನ್ನು ಇಟ್ಟಿಗೆಕಲ್ಲು ಎನ್ನುವುದನ್ನೂ ಅವನು ದಾಖಲಿಸಿದನು. ನೆಲದಲ್ಲಿರುವಾಗ ಕಬ್ಬಿಣದ ಹತಾರಕ್ಕೆ ಸುಲಭವಾಗಿ ಮಣಿದು, ಗಾಳಿಗೆ ತೆರೆದ ಮೇಲೆ ಗಟ್ಟಿಯಾಗುವುದು ಇದರ ಗುಣ. 1801ರಲ್ಲಿ ಅವನು ಬಂಟ್ವಾಳ, ವೇಣೂರು, ಮೂಡುಬಿದಿರೆಗಳನ್ನೂ ಹಾದುಹೋದನು.

ಮೂಡುಬಿದಿರೆಯಲ್ಲಿ 1430ರ ಸಾವಿರ ಕಂಬದ ಬಸದಿಗೆ ಕರಿಯ ಶಿಲೆ ಒದಗಿದರೆ, ಕೊಡಂಗಲ್ಲಿನ ಸಮಾಧಿಗಳಿಗೆ ಮುರಕಲ್ಲು ಒದಗಿತು. ಮನೆಗಳ ಕಥೆ ಬೇರೆ. ಮುರಕಲ್ಲಿನ ಮೈಯೆಲ್ಲ ರಂಧ್ರ. ಅದು ನೀರನ್ನು ಹೀರುತ್ತದೆ. ಆದುದರಿಂದ ಸುಣ್ಣದ ಗಾರೆ, ಅದರ ಮೇಲೆ ಚಾಚಿದ ಸೂರು. 1865ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನ ಹೆಂಚಿನ ಕಾರ್ಖಾನೆ ಆರಂಭವಾದ ಬಳಿಕ ಸೂರಿನ ರಕ್ಷಣೆ ಮತ್ತಷ್ಟು ಮನೆಗಳಿಗೆ ದೊರೆಯಿತು. ಮುಂದೆ ಗಾರೆ ಅಂತಸ್ತಿನ ಕುರುಹಾಯಿತು. ಗಾರೆ ಕಾಣದ ಗೋಡೆಯನ್ನು ಅರ್ಧಕ್ಕೆ ನಿಂತ ಮನೆಯೆಂದು ಎಣಿಸುತ್ತಿದ್ದ ಕಾಲವನ್ನು ನಾವೇ ಕಂಡಿದ್ದೇವೆ. ಅಂದು ನಾಚಿ ಮುಚ್ಚಿದ ಕಲ್ಲನ್ನೇ ಇಂದು ಹಣ ಕೊಟ್ಟು ಹೊರಗೆ ಹಚ್ಚುತ್ತಿದ್ದೇವೆ.

ಹೊರಹೊದಿಕೆಯೆಲ್ಲ ಸುಳ್ಳೆಂದು ಜರೆಯಲಾಗದು. ರೋಮನರು ಕಾಂಕ್ರೀಟಿನ ಗೋಡೆಗೆ ಇಟ್ಟಿಗೆಯ ಮುಖವನ್ನು ಕೊಟ್ಟರು. ಆದರೆ ಅವರ ಇಟ್ಟಿಗೆ ಒಳಗಿನ ಕಾಂಕ್ರೀಟಿನೊಡನೆಯೇ ಮೇಲೆದ್ದು ಅದಕ್ಕೆ ಬೆಸೆದುಕೊಂಡಿತ್ತು. ನಮ್ಮ ಬಿಲ್ಲೆ ನಿಂತ ಗೋಡೆಗೆ ಅಂಟಿಕೊಂಡು ತೂಗುತ್ತದೆ. ಇದೇ ನಿಜವಾದ ವ್ಯತ್ಯಾಸ.

ಈ ವ್ಯತ್ಯಾಸವನ್ನು ನಮ್ಮ ಆಟಿಯ ಮಳೆ ಬಲ್ಲದು. ಬಣ್ಣದ ನುಣುಪಿನ ಮೇಲೆಯೇ ಬಿಲ್ಲೆ ಹಚ್ಚಿದರೆ ಹಿಡಿತ ಸಾಲದು. ಹಳೆಯ ಬಣ್ಣವನ್ನು ಕೆರೆದು, ಟೊಳ್ಳಾದ ಗಾರೆಯನ್ನು ಕಿತ್ತು, ಗೋಡೆಯನ್ನು ಒರಟು ಮಾಡಬೇಕು. ಸಂದುಗಳಲ್ಲಿ ಇಳಿದ ನೀರು ಹಿಂದೆ ನಿಂತರೆ ಒಳಗೋಡೆ ಬೆವರುತ್ತದೆ, ಹೊರಗೆ ಪಾಚಿ ಹಬ್ಬುತ್ತದೆ. ಮಣ್ಣಿನ ಗೋಡೆಯ ಹಳೆಯ ಮನೆಗಂತೂ ಈ ಉಡುಗೆ ಬೇಡ. ಉಸಿರಾಡುವ ಗೋಡೆಯನ್ನು ಸಿಮೆಂಟಿನಿಂದ ಬಿಗಿದರೆ ತೇವ ಒಳಗೇ ಉಳಿದು ಮಣ್ಣು ಸಡಿಲವಾಗುತ್ತದೆ. ಅದಕ್ಕೆ ಸುಣ್ಣವೇ ಸಾಕು.

ಆದ್ದರಿಂದ ಬಿಲ್ಲೆಗಳನ್ನು ಕೊಳ್ಳುವ ಮೊದಲು ಮನೆಯ ಯಜಮಾನರು ಗಾರೆಯ ಒಂದು ಮೂಲೆಯನ್ನು ಕೆರೆದು ನೋಡುವುದು ಒಳ್ಳೆಯದು. ಹಿಂದಿನವರು ಕಟ್ಟಿದ ಕಲ್ಲು ಒಳಗೆ ಗಟ್ಟಿಯಾಗಿದ್ದರೆ, ಗಾರೆ ತೆಗೆದು ಸಂದು ತುಂಬಿ, ಮೇಲೆ ಸೂರನ್ನು ಎರಡು ಅಡಿ ಮುಂದೆ ಚಾಚಿದರಾಯಿತು. ಒಂದೇ ಗೋಡೆಗಾಗಿ ಗುಡ್ಡವನ್ನು ಎರಡು ಬಾರಿ ಕಡಿಯುವುದು ತಪ್ಪುತ್ತದೆ. ಅಜ್ಜಂದಿರು ಕಟ್ಟಿದ ಕಲ್ಲಿನ ಮುಖವನ್ನು ಮೊಮ್ಮಕ್ಕಳು ಮೊದಲ ಬಾರಿಗೆ ಕಂಡಂತೆಯೂ ಆಗುತ್ತದೆ.