ಪೆಡಲ್ ಬೋರ್ಡ್ ಕಟ್ಟುವಾಗ ಗಿಟಾರ್‌ನ ಟೋನ್ ಕಳೆದುಕೊಳ್ಳದಿರುವುದು ಹೇಗೆ?

ಗಲ್ಫ್‌ನಲ್ಲಿರುವ ಅಣ್ಣ ಒಂದು ಪೆಡಲ್ ತಂದುಕೊಟ್ಟಿರುತ್ತಾರೆ, ಮತ್ತೊಂದನ್ನು ಸೆಕೆಂಡ್ ಹ್ಯಾಂಡ್ ತಗೊಂಡಿರುತ್ತೀರಿ, ಇನ್ನೆರಡನ್ನು ಕಾಲೇಜಿನ ಗೆಳೆಯ ಮಾರಿರುತ್ತಾನೆ. ಹೀಗೆ ಆರೇಳು ಪೆಡಲ್ ಸೇರಿದ ಮೇಲೆ ಒಂದು ಹಲಗೆಗೆ ಎಲ್ಲವನ್ನೂ ಅಂಟಿಸಿ ಗಿಟಾರ್ ಹಚ್ಚಿದರೆ ಏನೋ ಕಮ್ಮಿ ಅನಿಸುತ್ತದೆ. ಎಲ್ಲ ಪೆಡಲ್ ಆಫ್ ಮಾಡಿದರೂ ಸದ್ದು ಕಂಬಳಿ ಹೊದ್ದುಕೊಂಡಂತೆ ಮಂಕು. ಹಿಂದಿನಿಂದ ‘ಗುಂಯ್’ ಅನ್ನೋ ಶಬ್ದ ಬೇರೆ. ಎಷ್ಟೋ ಹುಡುಗರು ಈ ಹಂತದಲ್ಲಿ ಗಿಟಾರನ್ನೇ ಬೈಯುತ್ತಾರೆ, ಪಿಕಪ್ ಬದಲಿಸುತ್ತಾರೆ, ಕೊನೆಗೆ ಗಿಟಾರನ್ನೇ ಮಾರಿಬಿಡುತ್ತಾರೆ. ಹೆಚ್ಚಿನ ಸಲ ತಪ್ಪು ಗಿಟಾರ್‌ನದ್ದಲ್ಲ. ಕೇಬಲ್, ಬೈಪಾಸ್, ಕರೆಂಟ್ ಈ ಮೂರರಲ್ಲಿ ಯಾವುದೋ ಒಂದರದ್ದು.

ಹೊಸದಾಗಿ ಬೋರ್ಡ್ ಕಟ್ಟುವವರಿಗೂ ಕಟ್ಟಿ ಕೈಸುಟ್ಟುಕೊಂಡವರಿಗೂ ಉಪಯೋಗವಾಗುವ ವಿಷಯಗಳು ಇಲ್ಲಿವೆ.

ಟೋನ್ ಹೋಗುವುದು ಎಲ್ಲಿ?

ಸಾಮಾನ್ಯ ಎಲೆಕ್ಟ್ರಿಕ್ ಗಿಟಾರ್‌ನ ಪಿಕಪ್‌ ಅಂದರೆ ಅಯಸ್ಕಾಂತದ ಸುತ್ತ ಸಾವಿರಾರು ಸುತ್ತು ಸಣ್ಣ ತಂತಿ. ಅದಕ್ಕೆ ಬ್ಯಾಟರಿ ಇಲ್ಲ. ತಂತಿ ಕಂಪಿಸಿದಾಗ ಹುಟ್ಟುವ ಸಿಗ್ನಲ್ ಬಹಳ ದುರ್ಬಲ. ಕೇಬಲ್‌ನಲ್ಲಿ ಒಳಗಿನ ತಂತಿಗೂ ಹೊರಗಿನ ಜಾಲರಿಗೂ ನಡುವೆ ಕೆಪಾಸಿಟೆನ್ಸ್ ಇರುತ್ತದೆ. ಸಾಧಾರಣ ಗಿಟಾರ್ ಕೇಬಲ್‌ನಲ್ಲಿ ಅದು ಒಂದು ಅಡಿಗೆ ಸುಮಾರು 30 ಪಿಕೊಫ್ಯಾರಡ್. ಕೇಬಲ್ ಉದ್ದವಾದಷ್ಟೂ ಇದು ಕೂಡುತ್ತಾ ಹೋಗುತ್ತದೆ, ಮೇಲಿನ ಸ್ವರಗಳ ಹೊಳಪು ಅಷ್ಟಷ್ಟೇ ಸೋರಿಹೋಗುತ್ತದೆ.

ಒಂದು ಲೆಕ್ಕ ನೋಡಿ. ಗಿಟಾರ್‌ನಿಂದ ಬೋರ್ಡ್‌ಗೆ 20 ಅಡಿ ಕೇಬಲ್, ಬೋರ್ಡ್‌ನಿಂದ ಆಂಪ್‌ಗೆ ಇನ್ನೊಂದು 20 ಅಡಿ. ನಡುವೆ ಎಂಟು ಪೆಡಲ್‌ಗಳನ್ನು ಜೋಡಿಸಲು ಅರ್ಧ ಅಡಿಯ ಏಳು ಪ್ಯಾಚ್ ಕೇಬಲ್. ಒಟ್ಟು 43 ಅಡಿಗಿಂತ ಹೆಚ್ಚು, ಅಂದರೆ ಸುಮಾರು 1300 ಪಿಕೊಫ್ಯಾರಡ್. ಪಿಕಪ್‌ನ ಇಂಡಕ್ಟೆನ್ಸ್ 2.5 ಹೆನ್ರಿ ಅಂತ ಇಟ್ಟುಕೊಳ್ಳಿ, ಸ್ಟ್ರಾಟ್ ಮಾದರಿಯ ಸಿಂಗಲ್ ಕಾಯಿಲ್‌ಗೆ ಇದು ಹತ್ತಿರದ ಅಂಕಿ. 20 ಅಡಿ ಕೇಬಲ್ ಒಂದೇ ಇದ್ದರೆ ಪಿಕಪ್‌ನ ಹೊಳಪಿನ ಶಿಖರ ಸುಮಾರು 4100 ಹರ್ಟ್ಜ್‌ನಲ್ಲಿ ಇರುತ್ತದೆ. ಎಲ್ಲ ಸೇರಿ 1300 ಪಿಕೊಫ್ಯಾರಡ್ ಆದಾಗ ಅದು 2800 ಹರ್ಟ್ಜ್‌ಗೆ ಇಳಿಯುತ್ತದೆ. ಕಿವಿಗೆ ಮಂಕು ಅನಿಸುವುದು ಇದೇ. ಯಾವ ಪೆಡಲೂ ಆನ್ ಆಗಿರಬೇಕಾಗಿಲ್ಲ, ಬರೀ ತಂತಿಯ ಉದ್ದವೇ ಸಾಕು.

ಪಿಕಪ್ ಜೊತೆಗೆ ಬ್ಯಾಟರಿ ಇರುವ ಆಕ್ಟಿವ್ ಗಿಟಾರ್, ಪ್ರಿಆಂಪ್ ಇರುವ ಎಲೆಕ್ಟ್ರೋ-ಅಕೌಸ್ಟಿಕ್ ಗಿಟಾರ್‌ಗಳಿಗೆ ಈ ಸಮಸ್ಯೆ ಅಷ್ಟಾಗಿ ಕಾಡುವುದಿಲ್ಲ. ಅವುಗಳಲ್ಲಿ ಸಿಗ್ನಲ್ ಗಿಟಾರ್ ಒಳಗೇ ಬಲ ಪಡೆದು ಹೊರಬರುತ್ತದೆ. ಅಂಥ ಗಿಟಾರ್ ನಿಮ್ಮದಾಗಿದ್ದರೆ ಮುಂದಿನ ಬಫರ್ ವಿಷಯಕ್ಕೆ ತಲೆ ಕೆಡಿಸಿಕೊಳ್ಳಬೇಡಿ, ನೇರ ಕರೆಂಟ್ ವಿಷಯಕ್ಕೆ ಹೋಗಿ.

ಟ್ರೂ ಬೈಪಾಸ್ ಎಂದರೆ ಎಲ್ಲಕ್ಕೂ ಪರಿಹಾರವೇ?

ಅಂಗಡಿಯಲ್ಲಿ ಪೆಡಲ್ ಕೇಳಿದರೆ ‘ಇದು ಟ್ರೂ ಬೈಪಾಸ್’ ಅಂತ ಹೆಮ್ಮೆಯಿಂದ ಹೇಳುತ್ತಾರೆ. ಪೆಡಲ್ ಆಫ್ ಇದ್ದಾಗ ಸಿಗ್ನಲ್ ಒಳಗಿನ ಸರ್ಕ್ಯೂಟ್‌ಗೆ ತಾಗದೆ ಸ್ವಿಚ್ ಮೂಲಕ ನೇರ ಹೊರಗೆ ಹೋಗುತ್ತದೆ ಅಂತ ಅದರ ಅರ್ಥ. ಇದಕ್ಕೆ ಸಾಮಾನ್ಯವಾಗಿ ಒಂಬತ್ತು ಕಾಲಿನ 3ಪಿಡಿಟಿ ಸ್ವಿಚ್ ಬಳಸುತ್ತಾರೆ. ಹಳೆಯ ವಾ ಪೆಡಲ್‌ಗಳ ಕಾಲದಲ್ಲಿ ಇದಕ್ಕೆ ಬೆಲೆ ಬಂದದ್ದು ಸುಮ್ಮನೆ ಅಲ್ಲ. ಅವುಗಳಲ್ಲಿ ಹಲವು ಆಫ್ ಇದ್ದಾಗಲೂ ಗಿಟಾರ್ ಸಿಗ್ನಲ್ ಒಳಗಿನ ಸರ್ಕ್ಯೂಟ್‌ಗೆ ಅಂಟಿಕೊಂಡೇ ಇರುತ್ತಿತ್ತು, ಟೋನ್ ಹೀರುತ್ತಿತ್ತು.

ಆದರೆ ಟ್ರೂ ಬೈಪಾಸ್ ಪೆಡಲ್ ಆಫ್ ಇದ್ದಾಗ ಬರೀ ಒಂದು ತಂತಿಯ ತುಂಡು. ಅಂಥ ಎಂಟು ಪೆಡಲ್ ಸಾಲಾಗಿ ಇಟ್ಟರೆ ಮೇಲಿನ 43 ಅಡಿಯ ಲೆಕ್ಕ ಹಾಗೇ ಉಳಿಯುತ್ತದೆ. ಎಲ್ಲವೂ ಟ್ರೂ ಬೈಪಾಸ್ ಆಗಿರುವ ದುಬಾರಿ ಬೋರ್ಡ್ ಮಂಕಾಗಿ ಕೇಳುವುದು ಇದಕ್ಕೇ. ಅದೂ ಅಲ್ಲದೆ ಒಂದು ಪೆಡಲ್ ಆನ್ ಮಾಡಿದ ಕ್ಷಣ ಅದರ ಸರ್ಕ್ಯೂಟ್ ಮುಂದಿನ ಕೇಬಲ್‌ನ ಭಾರ ಹೊರುತ್ತದೆ, ಆಫ್ ಮಾಡಿದರೆ ಭಾರ ಮತ್ತೆ ಪಿಕಪ್ ಮೇಲೆ. ಹಾಗಾಗಿ ಆನ್-ಆಫ್ ಮಾಡಿದ ಹಾಗೆ ಗಿಟಾರ್‌ನ ಮೂಲ ಸದ್ದೂ ಬದಲಾಗುತ್ತಿರುತ್ತದೆ.

ಬಫರ್ ಮಾಡುವ ಕೆಲಸ

ಇದಕ್ಕೆ ಮದ್ದು ಬಫರ್. ಇದು ಸದ್ದನ್ನು ಹೆಚ್ಚಿಸುವುದಿಲ್ಲ, ಬದಲಿಸುವುದೂ ಇಲ್ಲ. ಒಳಬರುವ ಕಡೆ ಪಿಕಪ್‌ಗೆ ಹೊರೆಯಾಗದ ಹಾಗೆ ಸುಮಾರು 1 ಮೆಗಾಓಮ್ ತಡೆ, ಹೊರಹೋಗುವ ಕಡೆ 1 ಕಿಲೋಓಮ್ ಅಥವಾ ಅದಕ್ಕಿಂತ ಕಡಿಮೆ. ಟಿಎಲ್072 ದಂಥ ಒಂದು ಸಣ್ಣ ಐಸಿ ಅಥವಾ ಒಂದೇ ಒಂದು ಟ್ರಾನ್ಸಿಸ್ಟರ್ ಇದ್ದರೂ ಸಾಕು. ಸೋಲ್ಡರಿಂಗ್ ಗೊತ್ತಿರುವ ಹುಡುಗರು ಮನೆಯಲ್ಲೇ ಮಾಡಿಕೊಳ್ಳಬಹುದು.

ಬೋರ್ಡ್‌ನ ಆರಂಭದಲ್ಲಿ ಬಫರ್ ಇಟ್ಟರೆ ಪಿಕಪ್ ಕಾಣುವುದು ಮೊದಲ 20 ಅಡಿ ಕೇಬಲನ್ನು ಮಾತ್ರ. ಉಳಿದ ಕೇಬಲ್‌ನ ಭಾರವನ್ನೆಲ್ಲ ಬಫರ್ ಹೊರುತ್ತದೆ. ಆ ಉಳಿದ 700 ಪಿಕೊಫ್ಯಾರಡ್ 1 ಕಿಲೋಓಮ್ ಬಫರ್‌ನ ಮೇಲೆ ಪರಿಣಾಮ ಬೀರುವುದು 2 ಲಕ್ಷ ಹರ್ಟ್ಜ್‌ಗಿಂತ ಮೇಲೆ. ಮನುಷ್ಯನ ಕಿವಿ ಕೇಳುವುದು 20 ಸಾವಿರದವರೆಗೆ ಅಷ್ಟೇ.

ಹೆಚ್ಚಿನವರ ಬೋರ್ಡ್‌ನಲ್ಲಿ ಬಫರ್ ಈಗಾಗಲೇ ಇರುತ್ತದೆ, ಗೊತ್ತಿರುವುದಿಲ್ಲ ಅಷ್ಟೇ. ಬಾಸ್ ಕಂಪೆನಿಯ ಸಣ್ಣ ಪೆಡಲ್‌ಗಳಲ್ಲಿ ಬಹುತೇಕ ಎಲ್ಲವೂ, ಐಬನೆಜ್‌ನ ಟ್ಯೂಬ್ ಸ್ಕ್ರೀಮರ್ ಕೂಡ, ಆಫ್ ಇದ್ದಾಗಲೂ ಬಫರ್ ಮೂಲಕವೇ ಸಿಗ್ನಲ್ ಕಳಿಸುತ್ತವೆ. ಬಾಸ್ ಟಿಯು-3 ಟ್ಯೂನರ್ ಸಾಲಿನ ಮೊದಲಲ್ಲಿದ್ದರೆ ನಿಮಗೆ ಬೇರೆ ಬಫರ್ ಕೊಳ್ಳುವ ಅಗತ್ಯವೇ ಇಲ್ಲ. ಆರೇಳು ಟ್ರೂ ಬೈಪಾಸ್ ಪೆಡಲ್ ಇದ್ದವರು ಆರಂಭದಲ್ಲಿ ಒಂದು, ಕೊನೆಯಲ್ಲಿ ಒಂದು ಬಫರ್ ಇರುವ ಪೆಡಲ್ ಇಟ್ಟರೆ ಸಾಕಾಗುತ್ತದೆ. ಎಂಟು ಪೆಡಲ್‌ಗೆ ಎಂಟು ಬಫರ್ ಬೇಡ. ಪ್ರತಿಯೊಂದೂ ಸ್ವಲ್ಪ ಸ್ವಲ್ಪ ಶಬ್ದ ಸೇರಿಸುತ್ತದೆ.

ಬಫರ್ ಇಟ್ಟ ಮೊದಲ ದಿನ ಸದ್ದು ಚುರುಕಾಗಿ, ಕೆಲವರಿಗೆ ಕಿವಿಗೆ ಚುಚ್ಚುವ ಹಾಗೆ ಕೇಳಬಹುದು. ಹಳೆಯ ಮಂಕನ್ನು ಸರಿದೂಗಿಸಲು ಆಂಪ್‌ನ ಟ್ರೆಬಲ್ ಏರಿಸಿಟ್ಟಿರುತ್ತೀರಿ ಅಲ್ವಾ? ಅದನ್ನು ಇಳಿಸಿ.

ಫಜ್ ಪೆಡಲ್‌ನ ಕಥೆಯೇ ಬೇರೆ

ಬಫರ್ ಮೊದಲು ಬರಬೇಕು ಅನ್ನುವ ನಿಯಮಕ್ಕೆ ಒಂದು ದೊಡ್ಡ ಅಪವಾದ ಇದೆ. 1966ರಲ್ಲಿ ಇಂಗ್ಲೆಂಡ್‌ನ ಆರ್ಬಿಟರ್ ಕಂಪೆನಿ ತಂದ ಫಜ್ ಫೇಸ್ ಮತ್ತು ಅದೇ ಜಾತಿಯ ಪೆಡಲ್‌ಗಳು ಪಿಕಪ್ ಜೊತೆ ನೇರ ಸಂಬಂಧ ಬಯಸುತ್ತವೆ. ಅವುಗಳ ಇನ್‌ಪುಟ್ ತಡೆ ತೀರಾ ಕಡಿಮೆ. ಗಿಟಾರ್‌ನ ವಾಲ್ಯೂಮ್ ಸ್ವಲ್ಪ ಇಳಿಸಿದರೆ ಫಜ್ ತಿಳಿಯಾಗುವ ಆ ಚಂದದ ಗುಣ ಬರುವುದು ಈ ನೇರ ಸಂಬಂಧದಿಂದಲೇ. ಮುಂದೆ ಬಫರ್ ಇಟ್ಟರೆ ಸದ್ದು ಒರಟಾಗಿ, ವಾಲ್ಯೂಮ್ ಗುಬ್ಬಿಯ ಮಾತು ಕೇಳದಂತಾಗುತ್ತದೆ. ಆದ್ದರಿಂದ ಇಂಥ ಫಜ್ ಇದ್ದರೆ ಅದೇ ಮೊದಲು, ನಂತರ ಬಫರ್ ಇರುವ ಟ್ಯೂನರ್.

ಹಳೆಯ ಮಾದರಿಯ ಜರ್ಮೇನಿಯಂ ಫಜ್‌ಗಳಲ್ಲಿ ಇನ್ನೊಂದು ಅಪಾಯ ಇದೆ. ಕೆಲವು ಪಾಸಿಟಿವ್ ಗ್ರೌಂಡ್ ಸರ್ಕ್ಯೂಟ್‌ಗಳು. ಉಳಿದ ಪೆಡಲ್‌ಗಳ ಜೊತೆ ಒಂದೇ ಅಡಾಪ್ಟರ್‌ಗೆ ಹಾಕಿದರೆ ಶಾರ್ಟ್ ಆಗುತ್ತದೆ. ಅದಕ್ಕೆ ಬ್ಯಾಟರಿ ಅಥವಾ ಬೇರೆ ಪ್ರತ್ಯೇಕ ಔಟ್‌ಪುಟ್ ಕೊಡಿ.

ಯಾವುದರ ನಂತರ ಯಾವುದು?

ಹೆಚ್ಚಿನವರಿಗೆ ಹೊಂದುವ ಸಾಲು ಹೀಗಿದೆ: ಫಜ್, ಟ್ಯೂನರ್, ವಾ, ಕಂಪ್ರೆಸರ್, ಓವರ್‌ಡ್ರೈವ್ ಮತ್ತು ಡಿಸ್ಟಾರ್ಶನ್, ಕೋರಸ್ ಅಥವಾ ಫೇಸರ್, ಡಿಲೇ, ಕೊನೆಗೆ ರಿವರ್ಬ್. ಡಿಲೇಯನ್ನು ಡಿಸ್ಟಾರ್ಶನ್ ಮುಂದೆ ಇಟ್ಟರೆ ಪ್ರತಿಧ್ವನಿಗಳೂ ಒಡೆದು ಕಲಸುಮೇಲೋಗರ ಆಗುತ್ತವೆ. ಆಂಪ್‌ನಲ್ಲೇ ಡಿಸ್ಟಾರ್ಶನ್ ಬಳಸುವವರು ಡಿಲೇ, ರಿವರ್ಬ್‌ಗಳನ್ನು ಆಂಪ್ ಹಿಂದಿನ ಎಫೆಕ್ಟ್ಸ್ ಲೂಪ್‌ಗೆ ಹಾಕುವುದು ಇದೇ ಕಾರಣಕ್ಕೆ. ಇದು ನಿಯಮ ಅಲ್ಲ, ಕಿವಿಗೆ ಬೇರೆ ಸಾಲು ಇಷ್ಟವಾದರೆ ಅದೇ ಸರಿ.

ವಾಲ್ಯೂಮ್ ಪೆಡಲ್ ಕೊಳ್ಳುವಾಗ ಅಂಕಿ ನೋಡಿ. ಗಿಟಾರ್‌ಗೆ ನೇರ ಹಚ್ಚುವುದಾದರೆ 250 ಕಿಲೋಓಮ್‌ನದ್ದು, ಬಫರ್‌ನ ನಂತರ ಇಡುವುದಾದರೆ 25 ಕಿಲೋಓಮ್‌ನದ್ದು. 25ರದ್ದನ್ನು ಗಿಟಾರ್‌ಗೆ ನೇರ ಹಚ್ಚಿದರೆ ಟೋನ್ ಅಲ್ಲೇ ಅರ್ಧ ಹೋಯಿತು ಅಂತ ತಿಳಿಯಿರಿ.

ಕರೆಂಟ್: ಪೆಡಲ್ ಸುಡುವುದೂ ಇಲ್ಲೇ

ಹೆಚ್ಚಿನ ಪೆಡಲ್‌ಗಳಿಗೆ ಬೇಕಾದ್ದು 9 ವೋಲ್ಟ್ ಡಿಸಿ, 2.1 ಮಿಲಿಮೀಟರ್ ಪಿನ್, ನಡುವೆ ಮೈನಸ್. ನಮ್ಮ ಮನೆಗಳಲ್ಲಿ ಬಿದ್ದಿರುವ ರೂಟರ್, ಸೆಟ್ ಟಾಪ್ ಬಾಕ್ಸ್‌ನ ಅಡಾಪ್ಟರ್‌ಗಳು ಸಾಮಾನ್ಯವಾಗಿ 12 ವೋಲ್ಟ್, ನಡುವೆ ಪ್ಲಸ್. ಪಿನ್ ಸರಿಯಾಗಿ ಕೂತಿತು ಅಂತ ಚುಚ್ಚಿದರೆ ಪೆಡಲ್ ಹೋದ ಹಾಗೇ. ಅಡಾಪ್ಟರ್ ಮೇಲಿನ ಚಿತ್ರ, ಪೆಡಲ್ ಮೇಲಿನ ಚಿತ್ರ ಎರಡೂ ಒಂದೇ ಇವೆಯೇ ಅಂತ ನೋಡಿಯೇ ಹಾಕಿ.

ವೋಲ್ಟ್ ಸರಿಯಾಗಿಯೇ ಇರಬೇಕು. ಮಿಲಿಆಂಪಿಯರ್ ಮಾತ್ರ ಬೇಕಾದ್ದಕ್ಕಿಂತ ಹೆಚ್ಚಿದ್ದರೆ ತೊಂದರೆ ಇಲ್ಲ, ಕಮ್ಮಿ ಇರಬಾರದು. ಸಾದಾ ಓವರ್‌ಡ್ರೈವ್ ಒಂದಕ್ಕೆ 10 ಮಿಲಿಆಂಪಿಯರ್ ಸಾಕಾದರೆ ದೊಡ್ಡ ಡಿಜಿಟಲ್ ರಿವರ್ಬ್‌ಗೆ 300ರವರೆಗೂ ಬೇಕಾಗುತ್ತದೆ. ಎಲ್ಲವನ್ನೂ ಕೂಡಿಸಿ, ಅದರ ಮೇಲೆ ಸ್ವಲ್ಪ ಹೆಚ್ಚೇ ಇರುವ ಸಪ್ಲೈ ಕೊಳ್ಳಿ.

ವಿದೇಶದಿಂದ ತಂದ ಅಡಾಪ್ಟರ್‌ನಲ್ಲಿ ಒಳಬರುವ ವೋಲ್ಟೇಜ್ ಎಷ್ಟು ಅಂತ ಓದಿ. ಅಮೆರಿಕಾದಲ್ಲಿ 120 ವೋಲ್ಟ್. ಸೌದಿಯಲ್ಲೂ ಹಿಂದೆ 127 ವೋಲ್ಟ್‌ನ ಲೈನ್ ಇತ್ತು. ‘100-240’ ಅಂತ ಬರೆದಿದ್ದರೆ ನಮ್ಮಲ್ಲಿ ಧೈರ್ಯವಾಗಿ ಬಳಸಬಹುದು. ಬರೀ 120 ಅಂತಿದ್ದರೆ ನಮ್ಮ 230 ವೋಲ್ಟ್‌ಗೆ ಹಚ್ಚಲೇಬೇಡಿ.

‘ಗುಂಯ್’ ಶಬ್ದಕ್ಕೆ ಮುಖ್ಯ ಕಾರಣ ಒಂದೇ ಅಡಾಪ್ಟರ್‌ನಿಂದ ಮಾಲೆಯ ಹಾಗೆ ಎಲ್ಲ ಪೆಡಲ್‌ಗೆ ಕರೆಂಟ್ ಕೊಡುವುದು. ಡಿಜಿಟಲ್ ಪೆಡಲ್‌ನ ಕೊಳಕು ಶಬ್ದ ಅದೇ ತಂತಿಯಲ್ಲಿ ಓವರ್‌ಡ್ರೈವ್‌ಗೆ ಬರುತ್ತದೆ, ಅಲ್ಲಿ ದೊಡ್ಡದಾಗುತ್ತದೆ. ಪ್ರತಿ ಔಟ್‌ಪುಟ್ ಬೇರೆ ಬೇರೆ ಇರುವ ಐಸೊಲೇಟೆಡ್ ಸಪ್ಲೈ ಇದಕ್ಕೆ ಸರಿಯಾದ ಪರಿಹಾರ. ಬೆಲೆ ಹೆಚ್ಚು ಅನಿಸಿದರೆ ಸಾದಾ ಪೆಡಲ್‌ಗಳಿಗೆ ಒಂದು ಮಾಲೆ, ಡಿಜಿಟಲ್‌ಗಳಿಗೆ ಬೇರೆ ಅಡಾಪ್ಟರ್ ಕೊಟ್ಟರೂ ಬಹಳಷ್ಟು ಕಮ್ಮಿಯಾಗುತ್ತದೆ.

ಅರ್ತ್ ಪಿನ್ ಕೀಳಬೇಡಿ: ಹಮ್ ನಿಲ್ಲಿಸಲು ಆಂಪ್ ಪ್ಲಗ್‌ನ ದಪ್ಪ ಪಿನ್ ತೆಗೆದುಬಿಡುವವರಿದ್ದಾರೆ. ಶಬ್ದ ನಿಲ್ಲಬಹುದು. ಆದರೆ ಆಂಪ್ ಒಳಗೆ ಏನಾದರೂ ಕೆಟ್ಟರೆ 230 ವೋಲ್ಟ್ ಗಿಟಾರ್ ತಂತಿಯ ಮೂಲಕ ನೇರ ನಿಮ್ಮ ಕೈಗೆ ಬರುತ್ತದೆ, ಇನ್ನೊಂದು ಕೈ ಮೈಕ್ ಮೇಲಿದ್ದರೆ ಜೀವಕ್ಕೇ ಸಂಚಕಾರ. ಮಳೆಗಾಲದಲ್ಲಿ ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು ನುಡಿಸುವುದಾದರೆ ಇನ್ನೂ ಅಪಾಯ. ಕಾರ್ಯಕ್ರಮದ ಜಾಗದಲ್ಲಿ ಅರ್ತ್ ಸರಿ ಇದೆಯೇ ಅಂತ ಎಲೆಕ್ಟ್ರಿಷಿಯನ್ ಹತ್ತಿರ ಕೇಳಿ. ಆಂಪ್‌ಗೂ ಬೋರ್ಡ್‌ಗೂ ಒಂದೇ ಎಕ್ಸ್‌ಟೆನ್ಶನ್ ಬಾಕ್ಸ್‌ನಿಂದ ಲೈನ್ ತಗೊಂಡರೆ ಹಮ್ ಅರ್ಧ ಅಲ್ಲೇ ಮುಗಿಯುತ್ತದೆ.

ಹಲಗೆ ಮತ್ತು ಜೋಡಣೆ

ದುಬಾರಿ ಅಲ್ಯೂಮಿನಿಯಂ ಬೋರ್ಡ್ ಬೇಕೇಬೇಕು ಅಂತ ಇಲ್ಲ. 12 ಮಿಲಿಮೀಟರ್ ಪ್ಲೈವುಡ್, ಕೆಳಗೆ ಎರಡು ರೀಪು, ಮೇಲೆ ವೆಲ್ಕ್ರೋ ಸಾಕು. ಅಂಟಿಸುವ ಮೊದಲು ಪೆಡಲ್‌ಗಳನ್ನು ನೆಲದ ಮೇಲೆ ಸಾಲಾಗಿ ಇಟ್ಟು ವಾರ ನುಡಿಸಿ ನೋಡಿ. ಕರೆಂಟ್ ತಂತಿಗಳು ಒಂದು ಕಡೆಯಿಂದ, ಸಿಗ್ನಲ್ ಕೇಬಲ್‌ಗಳು ಇನ್ನೊಂದು ಕಡೆಯಿಂದ ಹೋಗಲಿ. ದಾಟಲೇಬೇಕಾದರೆ ಅಡ್ಡಕ್ಕೆ ದಾಟಿಸಿ, ಜೊತೆಜೊತೆಗೆ ಓಡಿಸಬೇಡಿ.

ಕೆಟ್ಟ ಪ್ಯಾಚ್ ಕೇಬಲ್ ಒಂದೇ ಇಡೀ ಬೋರ್ಡನ್ನು ಹಾಳು ಮಾಡಬಲ್ಲದು. ನಮ್ಮ ಕರಾವಳಿಯ ಉಪ್ಪುಗಾಳಿಗೆ ಜ್ಯಾಕ್‌ಗಳು ಬೇಗ ಕಿಲುಬು ಹಿಡಿಯುತ್ತವೆ. ಮಳೆಗಾಲದ ಮೊದಲು ಒಮ್ಮೆ, ನಂತರ ಒಮ್ಮೆ ಕಾಂಟ್ಯಾಕ್ಟ್ ಕ್ಲೀನರ್ ಹಾಕಿ ಒರೆಸಿ. ಬ್ಯಾಗ್ ಒಳಗೆ ಸಿಲಿಕಾ ಜೆಲ್‌ನ ಪೊಟ್ಟಣ ಹಾಕಿಡಿ. ಬಳಸದ ಪೆಡಲ್‌ನಿಂದ ಬ್ಯಾಟರಿ ತೆಗೆದಿಡಿ, ಸೋರಿದರೆ ಒಳಗಿನದ್ದನ್ನೆಲ್ಲ ತಿಂದುಹಾಕುತ್ತದೆ.

ಟೋನ್ ಹೋಗಿದೆಯೇ ಎಂದು ಪರೀಕ್ಷಿಸುವುದು

1. ಗಿಟಾರನ್ನು ಒಂದೇ ಕೇಬಲ್‌ನಿಂದ ನೇರ ಆಂಪ್‌ಗೆ ಹಚ್ಚಿ. ಕ್ಲೀನ್ ಸದ್ದಿನಲ್ಲಿ ಒಂದೇ ತುಣುಕನ್ನು ನುಡಿಸಿ ಫೋನ್‌ನಲ್ಲಿ ರೆಕಾರ್ಡ್ ಮಾಡಿ.

2. ಆಂಪ್‌ನ ಗುಬ್ಬಿ ಮುಟ್ಟದೆ, ಫೋನ್ ಸರಿಸದೆ, ಎಲ್ಲ ಪೆಡಲ್ ಆಫ್ ಮಾಡಿ ಬೋರ್ಡ್ ಮೂಲಕ ಅದೇ ತುಣುಕು ನುಡಿಸಿ.

3. ಎರಡನ್ನೂ ಇಯರ್‌ಫೋನ್‌ನಲ್ಲಿ ಕೇಳಿ. ವ್ಯತ್ಯಾಸ ಇಲ್ಲ ಅಂದರೆ ಏನೂ ಮಾಡಬೇಡಿ, ಒಂದು ರೂಪಾಯಿಯೂ ಖರ್ಚು ಮಾಡಬೇಡಿ.

4. ಬೋರ್ಡ್ ಮಂಕಾಗಿದ್ದರೆ ಬಫರ್ ಇರುವ ಯಾವುದಾದರೂ ಪೆಡಲನ್ನು ಮೊದಲಿಗೆ ತಂದು ಮತ್ತೆ ಕೇಳಿ. ಸರಿಯಾದರೆ ಕಾರಣ ಕೇಬಲ್ ಉದ್ದ.

5. ಸರಿಯಾಗದಿದ್ದರೆ ಒಂದೊಂದೇ ಪೆಡಲನ್ನು ಪ್ಯಾಚ್ ಕೇಬಲ್ ಸಹಿತ ಸಾಲಿನಿಂದ ತೆಗೆಯಿರಿ. ಯಾವುದನ್ನು ತೆಗೆದಾಗ ಹೊಳಪು ಮರಳುತ್ತದೋ ಅಲ್ಲೇ ತಪ್ಪು. ಮೊದಲು ಕೇಬಲ್ ಬದಲಿಸಿ ನೋಡಿ, ಆಮೇಲೆ ಪೆಡಲ್ ಮೇಲೆ ಅನುಮಾನಪಡಿ.

6. ಹಮ್ ಇದ್ದರೆ ಪೆಡಲ್‌ಗಳಿಗೆ ಒಂದೊಂದಾಗಿ ಬ್ಯಾಟರಿ ಹಾಕಿ ನೋಡಿ. ಬ್ಯಾಟರಿಯಲ್ಲಿ ಶಬ್ದ ನಿಂತರೆ ದೋಷ ಸಪ್ಲೈಯದ್ದು. ನಿಲ್ಲದಿದ್ದರೆ ಗಿಟಾರ್‌ನ ಸಿಂಗಲ್ ಕಾಯಿಲ್ ಪಿಕಪ್ ಅಥವಾ ಹತ್ತಿರದ ಟ್ಯೂಬ್‌ಲೈಟ್, ಫ್ಯಾನ್ ರೆಗ್ಯುಲೇಟರ್ ಕಾರಣ ಇರಬಹುದು. ಗಿಟಾರ್ ಹಿಡಿದು ಸುತ್ತ ತಿರುಗಿ, ಒಂದು ದಿಕ್ಕಿನಲ್ಲಿ ಶಬ್ದ ಕಮ್ಮಿಯಾದರೆ ಅದು ಪಿಕಪ್ ಹಿಡಿಯುತ್ತಿರುವ ಶಬ್ದ.

ಈ ಪರೀಕ್ಷೆಗೆ ಬೇಕಾದ್ದು ಒಂದು ಸಂಜೆ ಮತ್ತು ಕೈಯಲ್ಲಿರುವ ಫೋನ್. ಹೊಸ ಪೆಡಲ್‌ಗೆ ದುಡ್ಡು ಕೊಡುವ ಮೊದಲು, ಗಿಟಾರ್ ಮಾರುವ ಮೊದಲು ಇಷ್ಟನ್ನು ಮಾಡಿ ನೋಡಿ.