ಪಿತ್ತಕೋಶದ ಕಲ್ಲು: ಆಪರೇಷನ್ ಹೇಗಿರುತ್ತೆ? ಅಂಗಡಿ ಎಷ್ಟು ದಿನ ಮುಚ್ಚಬೇಕು?

ರಾತ್ರಿ ಊಟ ಆಗಿ ಒಂದೆರಡು ಗಂಟೆಗೆ ಹೊಟ್ಟೆಯ ಮೇಲ್ಭಾಗದಲ್ಲಿ, ಬಲಗಡೆ ಪಕ್ಕೆಲುಬಿನ ಕೆಳಗೆ ಹಿಡಿದುಕೊಂಡ ಹಾಗೆ ನೋವು. ಬೆನ್ನಿಗೋ ಬಲ ಭುಜಕ್ಕೋ ಹರಡುತ್ತೆ. ವಾಂತಿ ಬಂದ ಹಾಗಾಗುತ್ತೆ. ಬೆಳಗ್ಗೆ ಹೊತ್ತಿಗೆ ಕಡಿಮೆಯಾಗಿ, ಮೆಡಿಕಲ್‌ನಲ್ಲಿ ಗ್ಯಾಸ್ಟ್ರಿಕ್ ಮಾತ್ರೆ ತಗೊಂಡು ಸುಮ್ಮನಾಗ್ತೀವಿ. ಎಷ್ಟೋ ಜನರಿಗೆ ತಿಂಗಳುಗಟ್ಟಲೆ ಹೀಗೇ ನಡೆದು, ಕೊನೆಗೆ ಸ್ಕ್ಯಾನಿಂಗ್ ಮಾಡಿಸಿದಾಗ ಗೊತ್ತಾಗುತ್ತೆ: ಅದು ಗ್ಯಾಸ್ ಅಲ್ಲ, ಪಿತ್ತಕೋಶದ ಕಲ್ಲು.

ಪದೇ ಪದೇ ನೋವು ಕೊಡುವ ಕಲ್ಲಿಗೆ ಇರುವ ಶಾಶ್ವತ ಪರಿಹಾರ ಆಪರೇಷನ್. ದಿನ ಗೊತ್ತುಮಾಡಿಕೊಂಡು ಮಾಡಿಸಿದರೆ ಕೆಲವೇ ದಿನದ ಮಾತು. ಮುಂದೂಡಿ ಮುಂದೂಡಿ ಎಮರ್ಜೆನ್ಸಿಗೆ ಬಂದರೆ ಆಸ್ಪತ್ರೆ ವಾಸ, ಖರ್ಚು, ಅಪಾಯ ಎಲ್ಲವೂ ಜಾಸ್ತಿ.

ಪಿತ್ತಕೋಶ ಅಂದ್ರೆ ಯಾವುದು?

ಲಿವರ್‌ನ ಕೆಳಗೆ ಅಂಟಿಕೊಂಡಿರುವ ಸಣ್ಣ ಚೀಲ. ಪಿತ್ತರಸ ತಯಾರಾಗುವುದು ಲಿವರ್‌ನಲ್ಲಿ. ಈ ಚೀಲ ಅದನ್ನು ಕೂಡಿಟ್ಟು, ಜಿಡ್ಡಿನ ಊಟ ಹೊಟ್ಟೆಗೆ ಹೋದಾಗ ಕರುಳಿಗೆ ಬಿಡುತ್ತೆ. ಹಾಗಾಗಿ ಚೀಲ ತೆಗೆದರೂ ಪಿತ್ತರಸ ನಿಲ್ಲಲ್ಲ, ಲಿವರ್‌ನಿಂದ ನೇರವಾಗಿ ಕರುಳಿಗೆ ಇಳಿಯುತ್ತೆ. "ಚೀಲ ತೆಗೆದರೆ ಜೀರ್ಣನೇ ಆಗಲ್ಲ" ಅನ್ನುವ ಮಾತು ಸುಳ್ಳು.

ಕಲ್ಲು ಮಾತ್ರ ತೆಗೆದು ಚೀಲ ಬಿಡಬಹುದಲ್ವಾ ಅಂತ ಬಹಳ ಜನ ಕೇಳ್ತಾರೆ. ಕಲ್ಲು ಹುಟ್ಟುವುದೇ ಆ ಚೀಲದಲ್ಲಿ, ಬಿಟ್ಟರೆ ಮತ್ತೆ ಆಗುತ್ತೆ. ಇದು ಕಿಡ್ನಿ ಕಲ್ಲಲ್ಲ. ಬಾಳೆದಿಂಡಿನ ರಸ ಕುಡಿದರೆ, ನೀರು ಜಾಸ್ತಿ ಕುಡಿದರೆ ಕರಗಿಹೋಗುತ್ತೆ ಅಂತ ಕಾಯಬೇಡಿ.

ಎಲ್ಲರಿಗೂ ಆಪರೇಷನ್ ಬೇಕಾ?

ಬೇಡ. ಬೇರೆ ಯಾವುದೋ ಕಾರಣಕ್ಕೆ ಸ್ಕ್ಯಾನ್ ಮಾಡಿಸಿದಾಗ ಕಲ್ಲು ಕಂಡು, ಯಾವತ್ತೂ ನೋವೇ ಬಂದಿಲ್ಲ ಅಂದ್ರೆ ಸಾಮಾನ್ಯವಾಗಿ ಹಾಗೇ ಬಿಟ್ಟು ನೋಡ್ತಾರೆ. ನೋವು ಮರುಕಳಿಸುತ್ತಿದ್ದರೆ, ಚೀಲಕ್ಕೆ ಸೋಂಕಾಗಿದ್ದರೆ, ಕಲ್ಲು ಜಾರಿ ನಾಳಕ್ಕೆ ಬಂದಿದ್ದರೆ ಮಾತ್ರ ತಡ ಮಾಡಬಾರದು. ನಾಳ ಕಟ್ಟಿಕೊಂಡರೆ ಕಣ್ಣು ಹಳದಿಯಾಗುತ್ತೆ, ಮೇದೋಜೀರಕ ಗ್ರಂಥಿಗೂ ಉರಿಯೂತ ಬರಬಹುದು. ಅದು ಜೀವಕ್ಕೇ ಅಪಾಯ.

ಇಲ್ಲೇ ನಮ್ಮ ಕಡೆ ಎಡವಟ್ಟಾಗುವುದು. ಕಣ್ಣು ಹಳದಿ ಕಂಡ ಕೂಡಲೇ ಕಾಮಾಲೆ ಅಂತ ಸೊಪ್ಪಿನ ಔಷಧಿಗೆ ಓಡ್ತಾರೆ. ಹಳದಿ ಜೊತೆಗೆ ಹೊಟ್ಟೆನೋವು, ಚಳಿಜ್ವರ ಇದ್ದರೆ ಅವತ್ತೇ ಆಸ್ಪತ್ರೆಗೆ ಹೋಗಬೇಕು. ನಾಳದಲ್ಲಿ ಕಲ್ಲಿದ್ದರೆ ಸಾಮಾನ್ಯವಾಗಿ ಬಾಯಿಯ ಮೂಲಕ ಎಂಡೋಸ್ಕೋಪ್ ಇಳಿಸಿ ಅದನ್ನು ತೆಗೆಯುತ್ತಾರೆ. ಇದಕ್ಕೆ ಇಆರ್‌ಸಿಪಿ ಅಂತಾರೆ. ದೊಡ್ಡ ಆಸ್ಪತ್ರೆಗೆ ಕಳಿಸಿದರೆ ಗಾಬರಿಯಾಗಬೇಡಿ.

ಆಪರೇಷನ್‌ಗೆ ಮುಂಚೆ

ರಕ್ತಪರೀಕ್ಷೆ, ಇಸಿಜಿ, ಹೊಟ್ಟೆಯ ಸ್ಕ್ಯಾನ್ ಇರುತ್ತೆ. ಶುಗರ್, ಬಿಪಿ, ಹೃದಯದ ಮಾತ್ರೆ, ಮುಖ್ಯವಾಗಿ ರಕ್ತ ತೆಳುವಾಗಿಸುವ ಮಾತ್ರೆ ತಗೋತಿದ್ದರೆ ಚೀಟಿ ಸಮೇತ ತೋರಿಸಿ. ಯಾವುದು ನಿಲ್ಲಿಸಬೇಕು ಅಂತ ಡಾಕ್ಟರೇ ಹೇಳಬೇಕು, ನೀವಾಗೇ ನಿಲ್ಲಿಸಬೇಡಿ. ಪೂರ್ತಿ ಅರಿವಳಿಕೆ ಕೊಡುವುದರಿಂದ ಖಾಲಿ ಹೊಟ್ಟೆ ಕಡ್ಡಾಯ. ಹೇಳಿದ ಹೊತ್ತಿನ ಮೇಲೆ ಒಂದು ಲೋಟ ಕಾಫಿ ಕುಡಿದರೂ ಅವತ್ತಿನ ಆಪರೇಷನ್ ಮುಂದೆ ಹೋಗಬಹುದು.

ಒಳಗೆ ಏನು ಮಾಡ್ತಾರೆ?

ಈಗ ಹೆಚ್ಚಾಗಿ ಮಾಡುವುದು ಲ್ಯಾಪ್ರೋಸ್ಕೋಪಿ. ಹೊಟ್ಟೆಗೆ ಸಾಮಾನ್ಯವಾಗಿ 4 ಸಣ್ಣ ತೂತು ಹಾಕಿ, ಕಾರ್ಬನ್ ಡೈಆಕ್ಸೈಡ್ ಗ್ಯಾಸ್ ತುಂಬಿ, ಕ್ಯಾಮೆರಾದಲ್ಲಿ ನೋಡ್ತಾ ಚೀಲ ಬಿಡಿಸಿ ಹೊರಗೆ ತೆಗೀತಾರೆ. ತೊಡಕಿಲ್ಲದಿದ್ದರೆ ಒಂದರಿಂದ ಒಂದೂವರೆ ಗಂಟೆ. 1985ರಲ್ಲಿ ಜರ್ಮನಿಯಲ್ಲಿ ಶುರುವಾದ ಈ ವಿಧಾನ 1990ರಲ್ಲಿ ಮುಂಬೈಗೆ ಬಂತು.

ಒಳಗೆ ಉರಿಯೂತ ಜಾಸ್ತಿ ಇದ್ದು ಸರಿಯಾಗಿ ಕಾಣದಿದ್ದರೆ ಅರ್ಧದಲ್ಲೇ ಹೊಟ್ಟೆ ಕುಯ್ದು ಮಾಡಬೇಕಾಗುತ್ತೆ. ಅದು ಡಾಕ್ಟರ್ ತಪ್ಪಲ್ಲ, ರೋಗಿಯ ಕ್ಷೇಮಕ್ಕೆ ಮಾಡುವುದು. ರಕ್ತಸ್ರಾವ, ಸೋಂಕು, ಅಪರೂಪಕ್ಕೆ ಪಿತ್ತನಾಳಕ್ಕೆ ಪೆಟ್ಟು ಬೀಳುವ ಸಾಧ್ಯತೆಯೂ ಇದೆ. ಸಹಿ ಹಾಕುವ ಮುಂಚೆ ಇದನ್ನೆಲ್ಲ ಕೇಳಿ ತಿಳ್ಕೊಳ್ಳಿ.

ತೆಗೆದ ಚೀಲವನ್ನು ಸಾಮಾನ್ಯವಾಗಿ ಲ್ಯಾಬ್‌ಗೆ ಪರೀಕ್ಷೆಗೆ ಕಳಿಸ್ತಾರೆ. ಆ ರಿಪೋರ್ಟ್ ಬರೋದು ಡಿಸ್ಚಾರ್ಜ್ ಆದ ಮೇಲೆ. ಮರೆಯದೆ ಹೋಗಿ ತಗೊಂಡು ಡಾಕ್ಟರ್‌ಗೆ ತೋರಿಸಿ.

ಚೇತರಿಕೆ: ದಿನಗಳ ಲೆಕ್ಕ

ಇದು ಲ್ಯಾಪ್ರೋಸ್ಕೋಪಿ ಆದವರಿಗೆ. ನಿಮ್ಮ ಡಾಕ್ಟರ್ ಬೇರೆ ಹೇಳಿದರೆ ಅವರ ಮಾತೇ ಅಂತಿಮ.

- ಮೊದಲ ದಿನ: ತೂತಿನ ಜಾಗದಲ್ಲಿ ನೋವು, ವಾಕರಿಕೆ ಇರಬಹುದು. ಸಂಜೆ ಹೊತ್ತಿಗೆ ಎಬ್ಬಿಸಿ ನಡೆಸ್ತಾರೆ. ಸಾಮಾನ್ಯವಾಗಿ ಮರುದಿನ ಮನೆಗೆ.
- 2–3ನೇ ದಿನ: ಭುಜದ ಹತ್ತಿರ ನೋವು ಬರಬಹುದು. ಒಳಗೆ ಉಳಿದ ಗ್ಯಾಸ್‌ನಿಂದ ಹಾಗಾಗುತ್ತೆ, ತಾನಾಗೇ ಹೋಗುತ್ತೆ. ಮಲಗಿಯೇ ಇರಬೇಡಿ, ಮನೆಯೊಳಗೆ ಓಡಾಡಿ.
- 1 ವಾರ: ಗಾಯ ನೋಡೋಕೆ, ಹೊಲಿಗೆ ಇದ್ದರೆ ಬಿಚ್ಚೋಕೆ ಕರೀತಾರೆ. ಗಲ್ಲಾದಲ್ಲಿ ಒಂದೆರಡು ಗಂಟೆ ಕೂತು ನೋಡಬಹುದು. ಬ್ರೇಕ್ ಒತ್ತಿದಾಗ ನೋವಾಗುತ್ತಿದ್ದರೆ ಬೈಕ್ ಬೇಡ.
- 2 ವಾರ: ಕೂತು ಮಾಡುವ ಕೆಲಸಕ್ಕೆ ಬಹುತೇಕರು ವಾಪಸ್.
- 4–6 ವಾರ: ಭಾರ ಎತ್ತುವ ಕೆಲಸ ಇಷ್ಟು ದಿನ ಬೇಡ.

ಕೊನೆಯದನ್ನು ಅಂಗಡಿಯವರು, ಹಮಾಲರು, ರೈತರು ಗಮನಿಸಬೇಕು. ಹೊರಗಿನ ಗಾಯ ಬೇಗ ಮಾಯುತ್ತೆ, ಒಳಗಿನ ಪದರ ಗಟ್ಟಿಯಾಗೋಕೆ ಹೊತ್ತು ಬೇಕು. 25 ಕೆಜಿ ಅಕ್ಕಿ ಮೂಟೆ, ಸುಮಾರು 30 ಕೆಜಿ ತೂಗುವ ತುಂಬಿದ ಸಿಲಿಂಡರ್ ಎತ್ತಿದರೆ ಆ ಜಾಗದಲ್ಲಿ ಹರ್ನಿಯಾ ಆಗಬಹುದು. ಹೆಂಗಸರಿಗೂ ಇದೇ ಮಾತು: ನೀರು ತುಂಬಿದ ಕೊಡ ಎತ್ತಬೇಡಿ, ಮನೆಯವರು ಎತ್ತಲಿ. ಹೊಟ್ಟೆ ಕುಯ್ದು ಮಾಡಿದ್ದರೆ ಆಸ್ಪತ್ರೆಯಲ್ಲೇ 3ರಿಂದ 5 ದಿನ, ಚೇತರಿಕೆಗೆ 6ರಿಂದ 8 ವಾರ ಇಟ್ಕೊಳ್ಳಿ. ಸುಗ್ಗಿ, ಹಬ್ಬ, ಮದುವೆ ಸೀಸನ್ ನೋಡಿಕೊಂಡು ಡಾಕ್ಟರ್ ಜೊತೆ ಮಾತಾಡಿ ದಿನ ಗೊತ್ತುಮಾಡಿ.

ಊಟ ಏನು?

ಮೊದಲು ಗಂಜಿ, ಇಡ್ಲಿ, ತಿಳಿಸಾರು ಅನ್ನ, ಮಜ್ಜಿಗೆ. ಆಮೇಲೆ ಮುದ್ದೆ, ಚಪಾತಿ, ತರಕಾರಿ ನಿಧಾನಕ್ಕೆ. ಬಜ್ಜಿ, ಬೋಂಡ, ಮಟನ್, ತುಪ್ಪ, ಕಾಯಿ ಜಾಸ್ತಿ ಹಾಕಿದ ಸಾರು ಕೆಲವು ವಾರ ದೂರ ಇರಲಿ. ಒಂದೇ ಸಲ ಹೊಟ್ಟೆ ಬಿರಿಯ ತಿನ್ನುವ ಬದಲು ಸ್ವಲ್ಪ ಸ್ವಲ್ಪ ತಿನ್ನಿ. ಕೆಲವರಿಗೆ ಸ್ವಲ್ಪ ದಿನ ಭೇದಿ ಆಗುತ್ತೆ, ಹೆಚ್ಚಿನವರಿಗೆ ತಾನಾಗೇ ಸರಿಹೋಗುತ್ತೆ. ಜೀವನಪೂರ್ತಿ ಪಥ್ಯ, ಮಾತ್ರೆ ಸಾಮಾನ್ಯವಾಗಿ ಬೇಕಾಗಲ್ಲ.

ತಕ್ಷಣ ಆಸ್ಪತ್ರೆಗೆ ಹೋಗಿ

- ಜ್ವರ 100.4 ಡಿಗ್ರಿ ದಾಟಿದರೆ, ಚಳಿ ನಡುಕ ಬಂದರೆ
- ಕಣ್ಣು ಹಳದಿಯಾದರೆ, ಮೂತ್ರ ಕಡುಬಣ್ಣಕ್ಕೆ ತಿರುಗಿದರೆ
- ಹೊಟ್ಟೆನೋವು ಕಡಿಮೆಯಾಗುವ ಬದಲು ಜಾಸ್ತಿಯಾದರೆ, ಹೊಟ್ಟೆ ಉಬ್ಬಿದರೆ
- ವಾಂತಿ ನಿಲ್ಲದಿದ್ದರೆ, ಗಾಯದಲ್ಲಿ ಕೀವು ಬಂದರೆ
- ಉಸಿರು ಕಟ್ಟಿದರೆ, ಮೀನಖಂಡ ಊದಿ ನೋವಾದರೆ

ರಾತ್ರಿಯಾದರೂ ಬೆಳಗಾಗಲಿ ಅಂತ ಕಾಯಬೇಡಿ, 108ಕ್ಕೆ ಫೋನ್ ಮಾಡಿ.

ದುಡ್ಡಿನ ವಿಷಯ

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತೆ. ಮೊದಲು ರೇಷನ್ ಕಾರ್ಡ್, ಆಧಾರ್ ಹಿಡ್ಕೊಂಡು ತಾಲೂಕು ಆಸ್ಪತ್ರೆಗೇ ಹೋಗಿ. ಅಲ್ಲಿ ಆಗದಿದ್ದರೆ ರೆಫರಲ್ ಚೀಟಿ ಕೇಳಿ ಪಡೀರಿ. ನೇರವಾಗಿ ಖಾಸಗಿಗೆ ಹೋಗಿ ಅಡ್ಮಿಟ್ ಆದ ಮೇಲೆ ಚೀಟಿಗೆ ಓಡಾಡೋದು ಕಷ್ಟ. ಸಹಕಾರ ಸಂಘದಲ್ಲಿ ಯಶಸ್ವಿನಿ ಮಾಡಿಸಿದ್ದರೆ ಆ ಆಸ್ಪತ್ರೆ ಪಟ್ಟಿಯಲ್ಲಿದೆಯಾ ಅಂತ ಮುಂಚೆಯೇ ವಿಚಾರಿಸಿ. ಖಾಸಗಿ ವಿಮೆಯ ಹಲವು ಪಾಲಿಸಿಗಳಲ್ಲಿ ಈ ಆಪರೇಷನ್‌ಗೆ ಕಾಯುವ ಅವಧಿ ಇರುತ್ತೆ, ಓದಿ ನೋಡಿ. ಕೈಯಿಂದ ಕಟ್ಟುವುದಾದರೆ ಅರಿವಳಿಕೆ, ರೂಮ್, ಔಷಧಿ, ಲ್ಯಾಬ್ ಎಲ್ಲ ಸೇರಿ ಎಷ್ಟು ಅಂತ ಬರೆಸಿಕೊಳ್ಳಿ. ಸರ್ಕಾರದ ಆರೋಗ್ಯ ಸಹಾಯವಾಣಿ 104.

(ಈ ಬರಹ ಸಾಮಾನ್ಯ ಮಾಹಿತಿಗಾಗಿ ಮಾತ್ರ. ನಿಮ್ಮ ಚಿಕಿತ್ಸೆಯ ತೀರ್ಮಾನವನ್ನು ನಿಮ್ಮ ವೈದ್ಯರ ಜೊತೆ ಮಾತಾಡಿಯೇ ತಗೊಳ್ಳಿ.)